ಬಿಇಒ, ಡಿಡಿಪಿಐ ಒಳ್ಳೆಯವರು ಅಂತ ಗೊತ್ತಾಗೋದು ಹೇಗೆ? ಯಾದಗಿರಿ ಕಡೆಯಿಂದ ಪದೇ ಪದೇ ಕೇಳುವ ಪ್ರಶ್ನೆಗಳು

ಯಾದಗಿರಿ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಮಾಸ್ತರ್ ಆಗಿದ್ದೆ. ನಡುವೆ 5 ವರ್ಷ ಸಿಆರ್‌ಪಿಯಾಗಿ, ಅಂದ್ರೆ ಒಂದು ಗುಂಪು ಶಾಲೆಗಳ ಸಂಪನ್ಮೂಲ ವ್ಯಕ್ತಿಯಾಗಿ, ಬೈಕ್ ಮೇಲೆ ಊರೂರು ಸುತ್ತಿದೆ. ಈಗ ನಿವೃತ್ತನಾಗಿ ಮನೆಯಲ್ಲಿದ್ದೇನೆ. ಆದ್ರೂ ಫೋನ್ ಬರೋದು ನಿಂತಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ)ಯವರು, ಹೊಸ ಶಿಕ್ಷಕರು, ಒಂದೆರಡು ಸಲ ಆಗಷ್ಟೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಗಿ ಬಂದವರು ಕೂಡ ಕೇಳಿದ್ದಾರೆ. ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಒಂದ್ಸಲ ಬರೆದಿಟ್ಟರೆ ಆಯ್ತು ಅಂತ ಇಲ್ಲಿ ಬರೆದಿದ್ದೇನೆ.

ಜಿಲ್ಲೆಯ ಶಾಲೆಗಳಿಗೆ ನಿಜವಾಗಿ ಮುಖ್ಯಸ್ಥರು ಯಾರು? ಡಿಡಿಪಿಐನಾ, ಬಿಇಒನಾ, ಸಿಇಒನಾ?

ಎಲ್ಲರೂ ಸ್ವಲ್ಪ ಸ್ವಲ್ಪ. ಅದೇ ಮೊದಲ ತೊಡಕು.

ಇಲಾಖೆಯ ಲೆಕ್ಕದಲ್ಲಿ ಜಿಲ್ಲೆಗೆ ಉಪನಿರ್ದೇಶಕರು, ಅಂದ್ರೆ ಡಿಡಿಪಿಐ. ಇವರದು ಆಡಳಿತ. ಡಯಟ್‌ನಲ್ಲಿ, ಅಂದ್ರೆ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ, ಪ್ರಾಂಶುಪಾಲರಾಗಿ ಇರುವವರೂ ಉಪನಿರ್ದೇಶಕರೇ, ಆದರೆ ಅಭಿವೃದ್ಧಿ ವಿಭಾಗ. ತರಬೇತಿ, ಕಲಿಕೆ ಅವರ ಪಾಲಿಗೆ. ಮೇಲೆ ಕಲಬುರಗಿಯಲ್ಲಿ ಅಪರ ಆಯುಕ್ತರ ಕಚೇರಿ ಇದೆ. ಪಕ್ಕದಲ್ಲಿ ಜಿಲ್ಲಾ ಪಂಚಾಯಿತಿ ಸಿಇಒ ಇರ್ತಾರೆ, ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆಯಲ್ಲಿ ಎದ್ದು ನಿಂತು ಉತ್ತರ ಕೊಡಬೇಕಾಗೋದು ಅವರ ಮುಂದೆಯೇ. ಕೆಳಗೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದ್ರೆ ಬಿಇಒ. ಅವರ ಕೆಳಗೆ ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ), ಸಿಆರ್‌ಪಿ.

ಊರಿನ ಶಾಲೆಗೆ ತಾಗುವ ಕೈ ಬಿಇಒ ಅವರದ್ದು. ಹಾಗಾಗಿ ಇಲ್ಲಿ ಬಿಇಒ ಬಗ್ಗೆಯೇ ಜಾಸ್ತಿ ಹೇಳ್ತೇನೆ. ಒಂದು ಮಾತು ನೆನಪಿಡಿ. ಯಾದಗಿರಿ ಜಿಲ್ಲೆಯಾಗಿದ್ದು 2009ರ ಡಿಸೆಂಬರ್ 30ರಂದು. ಆಗ ಇದ್ದಿದ್ದು ಯಾದಗಿರಿ, ಶಹಾಪುರ, ಸುರಪುರ, ಮೂರೇ ತಾಲ್ಲೂಕು. ಆಮೇಲೆ ಗುರುಮಠಕಲ್, ವಡಗೇರಾ, ಹುಣಸಗಿ ಸೇರಿ ಆರಾದವು. ತಹಶೀಲ್ದಾರರು ಆರು ಜನ ಬಂದ್ರು. ನಾನು ಕೆಲಸದಲ್ಲಿದ್ದಾಗ ಬಿಇಒ ಮಾತ್ರ ಮೂರೇ ಜನ. ಹುಣಸಗಿ ಕಡೆಯ ತಾಂಡಾದಿಂದ ಒಂದು ಸಹಿಗೆ ಸುರಪುರಕ್ಕೆ ಹೋಗಿ ಬರೋದ್ರಲ್ಲಿ ಮಾಸ್ತರ್‌ದು ಅರ್ಧ ದಿನ ಹೋಗ್ತಿತ್ತು.

ಅಮೆರಿಕದಲ್ಲಿ ಶಾಲಾ ಜಿಲ್ಲೆಗೆ ಸೂಪರಿಂಟೆಂಡೆಂಟ್ ಅಂತ ಇರ್ತಾರಂತೆ. ನಮ್ಮ ಡಿಡಿಪಿಐ ಹಾಗೇನಾ?

ಅಲ್ಲ. ಅಲ್ಲಿ ಬಹಳ ಕಡೆ ಜನ ಓಟು ಹಾಕಿ ಶಾಲಾ ಮಂಡಳಿಯನ್ನು ಆರಿಸ್ತಾರೆ. ಆ ಮಂಡಳಿ ಸೂಪರಿಂಟೆಂಡೆಂಟನ್ನು ಒಪ್ಪಂದದ ಮೇಲೆ ನೇಮಿಸುತ್ತೆ. ಬಜೆಟ್, ನೇಮಕ, ಪಾಠದ ಯೋಜನೆ ಬಹುಪಾಲು ಅವರ ಕೈಯಲ್ಲೇ. ನಮ್ಮ ಡಿಡಿಪಿಐಗೆ ಒಬ್ಬ ಶಿಕ್ಷಕರನ್ನೂ ತಾವಾಗಿ ಆರಿಸಿ ತರೋಕೆ ಬರಲ್ಲ, ಪಠ್ಯ ಬದಲಿಸೋಕಂತೂ ಇಲ್ವೇ ಇಲ್ಲ.

ಆದ್ರೂ ಅಲ್ಲಿನ ಒಂದು ವಿಚಾರ ನಮಗೆ ಬೇಕು. ಅಲ್ಲಿ ಇಬ್ಬರು ಸಂಶೋಧಕರು 1970ರಿಂದ ಈಚೆಗೆ ಆದ 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2006ರಲ್ಲಿ ಒಂದು ವರದಿ ಕೊಟ್ಟರು. ಜಿಲ್ಲೆಯ ಮುಖ್ಯಸ್ಥರಿಗೂ ಮಕ್ಕಳ ಕಲಿಕೆಗೂ ನಂಟಿದೆ ಅಂತ ಅದರಲ್ಲಿ ಕಂಡುಬಂತು. ಭಾರಿ ನಂಟಲ್ಲ, ಆದ್ರೆ ತಳ್ಳಿಹಾಕುವಷ್ಟು ಸಣ್ಣದೂ ಅಲ್ಲ. ಚೆನ್ನಾಗಿ ನಡೆಸಿದವರು ಕೆಲವೇ ಗುರಿಗಳನ್ನ ಇಟ್ಟುಕೊಂಡಿದ್ದರು. ಆ ಗುರಿಯನ್ನ ಹೆಡ್‌ಮಾಸ್ತರರ ಜೊತೆ ಕೂತು ಗೊತ್ತುಮಾಡಿದ್ದರು. ಒಮ್ಮೆ ಗೊತ್ತಾದ ಮೇಲೆ ರಾಜಿ ಇಲ್ಲ, ಆದ್ರೆ ಅದನ್ನ ಮುಟ್ಟುವ ದಾರಿ ಶಾಲೆಗೆ ಬಿಟ್ಟದ್ದು. ದುಡ್ಡು, ಜನ ಎರಡನ್ನೂ ಆ ಗುರಿಯ ಹಿಂದೆಯೇ ಹಾಕ್ತಿದ್ದರು. ನಮ್ಮ ಕಡೆ ಇದು ಹೆಚ್ಚಾಗಿ ತಲೆಕೆಳಗು. ಗುರಿ 40, ದಾರಿ ಒಂದೇ, ಅದೂ ಸುತ್ತೋಲೆಯಲ್ಲಿ ಬಂದದ್ದು.

ಸರಿ, ಒಳ್ಳೆ ಅಧಿಕಾರಿ ಅಂದ್ರೆ ಒಂದೇ ಮಾತಲ್ಲಿ ಹೇಳಿ.

ಮಾಸ್ತರ್‌ಗೆ ಪಾಠ ಮಾಡೋ ಹೊತ್ತನ್ನು ಉಳಿಸಿಕೊಡುವವರು.

ಇದು ತೀರಾ ಸಣ್ಣ ಮಾತಾಯ್ತು ಅಂತ ಬಹಳ ಜನ ನನ್ನ ಜೊತೆ ಜಗಳ ಆಡಿದ್ದಾರೆ. ದೂರದೃಷ್ಟಿ, ಹೊಸತನ, ತಂತ್ರಜ್ಞಾನ ಅಂತೆಲ್ಲ ಹೇಳ್ತಾರೆ. ಇರಲಿ. ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಆಗಬೇಕು ಅನ್ನುತ್ತೆ. ಆರರಿಂದ ಎಂಟಕ್ಕೆ 220 ದಿನ, 1,000 ಗಂಟೆ. ನಮ್ಮ ತಾಂಡಾ ಶಾಲೆಗಳಲ್ಲಿ ಮಗು, ಮಾಸ್ತರ್ ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ನಿಜವಾಗಿ ಕಲಿತ ಗಂಟೆ ಎಷ್ಟು ಅಂತ ಯಾರಾದ್ರೂ ಎಣಿಸಿದ್ರೆ ಉಳಿದ ಚರ್ಚೆ ಆಮೇಲೆ ಮಾಡಬಹುದು. ಶಿಕ್ಷಕರ ಕೊರತೆ, ಗುಳೆ, ಬಸ್ಸು, ಮಾಹಿತಿ ಕೇಳೋ ಕಾಟ, ಎಲ್ಲವೂ ಆ ಗಂಟೆಗಳನ್ನೇ ತಿನ್ನೋದು.

ಶಾಲೆ ಭೇಟಿ ಅಂದ್ರೆ ಹೇಗಿರಬೇಕು?

ಎರಡು ತರಹದ ಭೇಟಿ ನೋಡಿದ್ದೇನೆ. ಒಂದು, ಜೀಪು ಬರುತ್ತೆ, ಹೆಡ್‌ಮಾಸ್ತರ್ ಕುರ್ಚಿ ಖಾಲಿಯಾಗುತ್ತೆ, ಹಾಜರಿ ಪುಸ್ತಕ, ನಗದು ಪುಸ್ತಕ, ಬಿಸಿಯೂಟದ ದಾಸ್ತಾನು ಪುಸ್ತಕ ಮೇಜಿನ ಮೇಲೆ ಬರ್ತವೆ. ಸಂದರ್ಶಕರ ಪುಸ್ತಕದಲ್ಲಿ ‘ಶಾಲಾ ವಾತಾವರಣ ಉತ್ತಮವಾಗಿದೆ’ ಅಂತ ಬರೆದು ಹೋಗ್ತಾರೆ. ಇದು ಬೇಡ ಅಂತಲ್ಲ, ಲೆಕ್ಕ ನೋಡಲೇಬೇಕು.

ಇನ್ನೊಂದು, ನಾನು ಸಿಆರ್‌ಪಿ ಆಗಿದ್ದಾಗಿನದು. ಒಬ್ಬ ಬಿಇಒ ನನ್ನ ಬೈಕ್ ಹಿಂದೆ ಕೂತು ಒಂದು ಹಳ್ಳಿಗೆ ಬಂದ್ರು. ನೇರ ನಲಿ-ಕಲಿ ಕೋಣೆಗೆ (ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕಲಿಯೋ ಕೋಣೆ) ಹೋಗಿ ಮಕ್ಕಳ ನಡುವೆ ನೆಲದ ಮೇಲೆ ಕೂತ್ರು. ಪಕ್ಕದಲ್ಲಿ ಮೂರನೇ ಕ್ಲಾಸಿನ ಹುಡುಗಿ. ‘ಓದವ್ವ’ ಅಂದ್ರು. ಅವಳು ಗಟ್ಟಿಯಾಗಿ, ಒಂದೇ ಉಸಿರಿಗೆ ಇಡೀ ಪಾಠ ಓದಿದಳು. ನನಗೆ ಖುಷಿಯಾಯ್ತು, ನನ್ನ ಕ್ಲಸ್ಟರ್ ಶಾಲೆ ಅಲ್ವಾ. ಅವರು ಮಾತ್ರ ಅವಳ ಬೆರಳನ್ನೇ ನೋಡ್ತಿದ್ದರು. ಬಾಯಿ ಕೊನೆಯ ಸಾಲು ಹೇಳಿ ಮುಗಿಸಿತ್ತು, ಬೆರಳು ಇನ್ನೂ ಪುಟದ ಅರ್ಧದಲ್ಲಿತ್ತು. ಎರಡು ಹಾಳೆ ಹಿಂದಕ್ಕೆ ತಿರುವಿ ‘ಇದನ್ನ ಓದು’ ಅಂದ್ರು. ಹುಡುಗಿ ಸುಮ್ನೆ ಕೂತಳು.

ನಾನು ಬೈಗುಳಕ್ಕೆ ರೆಡಿಯಾದೆ. ಅವರು ಬೈಯಲಿಲ್ಲ. ಶಿಕ್ಷಕಿಯನ್ನು ಹೊರಗೆ ಕರೆದು ಕೇಳಿದ್ದು ಒಂದೇ ಪ್ರಶ್ನೆ. ‘ಮೇಡಂ, ಹೋದ ವಾರ ಈ ಕೋಣೆಯಲ್ಲಿ ಎಷ್ಟು ಹೊತ್ತು ಇದ್ರಿ?’ ಆಕೆ ಒಂದು ನಿಮಿಷ ಸುಮ್ಮನಿದ್ದು, ಚಲನವಲನ ವಹಿ ತಂದು ತೋರಿಸಿದರು. ಸೋಮವಾರ ಮಕ್ಕಳ ಬ್ಯಾಂಕ್ ಖಾತೆ, ಆಧಾರ್ ಕೆಲಸ. ಮಂಗಳವಾರ ಎಸ್‌ಎಟಿಎಸ್ (ಮಕ್ಕಳ ಮಾಹಿತಿಯ ಸರ್ಕಾರಿ ಪೋರ್ಟಲ್) ತುಂಬೋದು, ಊರಲ್ಲಿ ನೆಟ್‌ವರ್ಕ್ ಇಲ್ಲ ಅಂತ ಪಕ್ಕದ ಊರಿಗೆ. ಬುಧವಾರ, ಗುರುವಾರ ತರಬೇತಿ. ಶುಕ್ರವಾರ ಒಬ್ಬರು ರಜೆ, ಹಾಗಾಗಿ ಎರಡೂ ಕೋಣೆ ಇವರದ್ದೇ. ಶನಿವಾರ ಅರ್ಧ ದಿನ. ಬಿಇಒ ತಮ್ಮ ಜೇಬಿನ ಸಣ್ಣ ಪುಸ್ತಕದಲ್ಲಿ ಅದನ್ನೆಲ್ಲ ಬರೆದುಕೊಂಡ್ರು. ವಾಪಸ್ ಬರ್ತಾ ಬೈಕ್ ಮೇಲೆ ನನ್ನ ಕಿವಿ ಹತ್ರ ಹೇಳಿದ್ರು, ‘ಮಾಸ್ತರ್, ಇದ್ರಾಗ ನಾಲ್ಕು ದಿನ ನಾವೇ ತಿಂದೀವಿ.’

ಅದನ್ನ ಕಂಡುಕೊಳ್ಳದೆ ಬಂದ ಭೇಟಿ ಭೇಟಿ ಅಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ದಿನಾ ‘ಅತಿ ತುರ್ತು’ ಮಾಹಿತಿ ಕೇಳ್ತಾರೆ. ಇದನ್ನ ನಿಲ್ಲಿಸೋಕೆ ಬಿಇಒಗೆ ಆಗುತ್ತಾ?

ಪೂರ್ತಿ ಆಗಲ್ಲ. ಅರ್ಧ ಖಂಡಿತ ಆಗುತ್ತೆ.

ಬೆಳಿಗ್ಗೆ 11ಕ್ಕೆ ಮೆಸೇಜ್ ಬರುತ್ತೆ, ‘ಮಧ್ಯಾಹ್ನ 2ರೊಳಗೆ ನಮೂನೆಯಲ್ಲಿ ಸಲ್ಲಿಸುವುದು, ತಪ್ಪಿದಲ್ಲಿ ತಾವೇ ಹೊಣೆ’. ನಮೂನೆ ತೆಗೆದು ನೋಡಿದ್ರೆ ಮಕ್ಕಳ ಸಂಖ್ಯೆ, ಜಾತಿವಾರು, ಹೆಣ್ಣು ಗಂಡು. ಅದೆಲ್ಲ ಎಸ್‌ಎಟಿಎಸ್‌ನಲ್ಲಿ ಮೊದಲೇ ತುಂಬಿ ಆಗಿದೆ. ಕಚೇರಿಯಲ್ಲಿ ಕೂತವರು ತೆಗೆದುಕೊಂಡ್ರೆ ಹತ್ತು ನಿಮಿಷದ ಕೆಲಸ. ಅದರ ಬದಲು ತಾಲ್ಲೂಕಿನ ಎಲ್ಲ ಹೆಡ್‌ಮಾಸ್ತರರೂ ಪಾಠ ಬಿಟ್ಟು ಅದನ್ನೇ ಮತ್ತೆ ಟೈಪ್ ಮಾಡ್ತಾರೆ.

ಮೇಲೆ ಹೇಳಿದ ಬಿಇಒ ಆ ಭೇಟಿ ಆದ ಮೇಲೆ ಒಂದು ನಿಯಮ ತಂದ್ರು. ಪೋರ್ಟಲ್‌ನಲ್ಲಿ ಇರೋ ಮಾಹಿತಿಯನ್ನ ಶಾಲೆಗೆ ಕೇಳುವಂತಿಲ್ಲ, ಕಚೇರಿಯ ಆಪರೇಟರೇ ತೆಗೀಬೇಕು. ಇಲ್ಲದ್ದನ್ನ ಶನಿವಾರ ಪಾಠ ಮುಗಿದ ಮೇಲೆ ಒಟ್ಟಿಗೆ ಕೇಳೋದು. ಜಿಲ್ಲೆಯಿಂದ ತುರ್ತು ಅಂತ ಬಂದ್ರೆ ತಾವೇ ಫೋನ್ ಮಾಡಿ ‘ನಾಡಿದ್ದು ಕೊಟ್ರೆ ನಡೀತದಾ ಸರ್’ ಅಂತ ಕೇಳ್ತಿದ್ದರು. ಬಹಳ ಸಲ ನಡೀತಿತ್ತು. ಒಂದೆರಡು ಸಲ ಅವರೇ ಬೈಸಿಕೊಂಡ್ರು. ಆ ಬೈಗುಳ ಶಾಲೆ ತನಕ ಬರಲಿಲ್ಲ. ಅದನ್ನ ನಾನು ಇವತ್ತಿಗೂ ಮರೆತಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಾಕುವಂತಿಲ್ಲ. ಬಿಇಒ ಆದವರು ಈ ಕಲಂ ಬಾಯಿಪಾಠ ಮಾಡಿಕೊಂಡ್ರೆ ಬೇರೆ ಇಲಾಖೆಯ ಫೋನ್ ಬಂದಾಗ ಉಪಯೋಗಕ್ಕೆ ಬರುತ್ತೆ.

ಶಿಕ್ಷಕರೇ ಇಲ್ಲ ಅಂದ್ಮೇಲೆ ಅಧಿಕಾರಿ ಏನು ಮಾಡೋಕಾಗುತ್ತೆ?

ಇದು ನಿಜವಾದ ಪ್ರಶ್ನೆ. ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕದಲ್ಲಿ 35ಕ್ಕೆ ಒಬ್ಬರು ಅಂತ ಕಾಯ್ದೆ ಹೇಳುತ್ತೆ. ನಮ್ಮ ಕಡೆ ಹುದ್ದೆ ಖಾಲಿ ಬೀಳೋದು ಮೊದಲಿಂದಲೂ ಜಾಸ್ತಿ. ಬೇರೆ ಕಡೆಯಿಂದ ಬಂದವರು ವರ್ಗಾವಣೆಗೆ ಕಾಯ್ತಾರೆ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಗ್ರೂಪ್ ಸಿ ಹುದ್ದೆಗಳಲ್ಲಿ 80 ಶೇಕಡಾ ಇಲ್ಲಿನವರಿಗೇ ಮೀಸಲು. ಅದರಿಂದ ಆಸರೆ ಸಿಕ್ಕಿದೆ, ಸುಳ್ಳಲ್ಲ. 2022ರಲ್ಲಿ ಕರೆದ 15,000 ಪದವೀಧರ ಶಿಕ್ಷಕರ ಹುದ್ದೆಗಳಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ ಇದ್ದವು. ಆದ್ರೂ ಖಾಲಿ ಇದೆ. ನೇಮಕ ಬಿಇಒ ಕೈಯಲ್ಲಿಲ್ಲ.

ಕೈಯಲ್ಲಿರೋದು ಇರುವ ಜನರನ್ನ ಎಲ್ಲಿ ಕೂರಿಸಬೇಕು ಅನ್ನೋದು. ಹೈವೇ ಬದಿ ಊರಲ್ಲಿ ಮಕ್ಕಳ ಸಂಖ್ಯೆಗೆ ಮೀರಿ ಶಿಕ್ಷಕರು, ಅಲ್ಲಿಂದ ನಾಲ್ಕು ಕಿಲೋಮೀಟರ್ ಒಳಗೆ ತಾಂಡಾದಲ್ಲಿ ಐದು ತರಗತಿಗೆ ಒಬ್ಬರೇ. ಇದು ಯಾವ ತಾಲ್ಲೂಕಿಗೆ ಹೋದ್ರೂ ಕಾಣುತ್ತೆ. ಹೆಚ್ಚುವರಿ ಶಿಕ್ಷಕರ ಮರುಹೊಂದಾಣಿಕೆ ಆಗಬೇಕು. ‘ನಿಯೋಜನೆ’ ಹೆಸರಲ್ಲಿ ಕಚೇರಿಯಲ್ಲಿ ಕೂತವರನ್ನ ವಾಪಸ್ ಶಾಲೆಗೆ ಕಳಿಸಬೇಕು. ಅತಿಥಿ ಶಿಕ್ಷಕರ ಕಡತ ಶಾಲೆ ಶುರುವಾಗುವ ಮೊದಲೇ ಸಿದ್ಧ ಇರಬೇಕು. ಜೂನ್‌ನಲ್ಲಿ ಬರಬೇಕಾದ ಅತಿಥಿ ಶಿಕ್ಷಕರು ಆಗಸ್ಟ್‌ನಲ್ಲಿ ಬಂದ್ರೆ ಒಂದನೇ ಕ್ಲಾಸಿನ ಮಗುವಿಗೆ ಮೊದಲ ಎರಡು ತಿಂಗಳು ಹೋಯ್ತು.

ಬಸ್ಸಿನ ಮಾತು ಹೇಳಲೇಬೇಕು. ನಮ್ಮಲ್ಲಿ ಶಿಕ್ಷಕರು ಯಾದಗಿರಿ, ಕಲಬುರಗಿ, ರಾಯಚೂರಿನಿಂದಲೂ ದಿನಾ ಓಡಾಡ್ತಾರೆ. ಒಂದು ಊರಿಗೆ ಬೆಳಗಿನ ಬಸ್ಸು 10:20ಕ್ಕೆ ತಲುಪ್ತಿತ್ತು. ಪ್ರಾರ್ಥನೆ ಯಾವಾಗ್ಲೂ ಹೆಡ್‌ಮಾಸ್ತರ್ ಒಬ್ಬರದ್ದೇ. ಮೂರು ವರ್ಷ ಆ ಶಾಲೆಗೆ ನೋಟಿಸ್ ಮೇಲೆ ನೋಟಿಸ್ ಹೋದವು. ಆಮೇಲೆ ಬಂದ ಒಬ್ಬ ಅಧಿಕಾರಿ ಡಿಪೋ ಮ್ಯಾನೇಜರ್ ಹತ್ರ ಹೋಗಿ ಚಹಾ ಕುಡಿದು ಬಂದ್ರು. ಬಸ್ಸು ಅರ್ಧ ಗಂಟೆ ಮೊದಲು ಬಿಡೋಕೆ ಶುರುವಾಯ್ತು. ಎಲ್ಲರೂ ಪ್ರಾರ್ಥನೆಗೆ ಹಾಜರ್. ಊರಿನವರೇ ಶಿಕ್ಷಕರಾಗಿ ಅಲ್ಲೇ ಮನೆ ಮಾಡಿದ್ರೆ ಇನ್ನೂ ಒಳ್ಳೇದು, ಅದು ಬೇರೆ ಮಾತು. ಅಲ್ಲಿವರೆಗೆ ಬಸ್ಸು ಸರಿ ಮಾಡಿ.

ಹತ್ತಿ ಬಿಡಿಸೋ ಕಾಲದಲ್ಲಿ ಮಕ್ಕಳೇ ಬರಲ್ಲ. ಗುಳೆ ಹೋದ ಮಕ್ಕಳ ಗತಿ?

ಅಕ್ಟೋಬರ್ ಆದ ಮೇಲೆ ನಮ್ಮ ಶಾಲೆಗಳು ಅರ್ಧ ಖಾಲಿ. ಹತ್ತಿ, ಆಮೇಲೆ ಮೆಣಸಿನಕಾಯಿ. ಉಳಿದವರು ಅಪ್ಪ ಅಮ್ಮನ ಜೊತೆ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗಿರ್ತಾರೆ, ಕಟ್ಟಡದ ಕೆಲಸಕ್ಕೆ.

ಐದನೇ ಕ್ಲಾಸಿನ ಒಬ್ಬ ಹುಡುಗಿ ಮೂರು ವಾರ ಬರಲಿಲ್ಲ ಅಂತ ಮನೆಗೆ ಹೋಗಿದ್ದೆ. ತಾಯಿ ಹೊಲಕ್ಕೆ ಹೊರಟು ನಿಂತಿದ್ದರು. ‘ಮಾಸ್ತರ್, ಆಕಿ ಬಂದ್ರ ಈ ಸಣ್ಣ ಕೂಸಿನ್ನ ಯಾರ್ ಹಿಡೀಬೇಕ್ರಿ?’ ಅಂದ್ರು. ಹುಡುಗಿಯ ಸೊಂಟದ ಮೇಲೆ ಒಂದೂವರೆ ವರ್ಷದ ತಮ್ಮ. ಅವಳು ಹತ್ತಿ ಬಿಡಿಸೋಕೂ ಹೋಗ್ತಿರಲಿಲ್ಲ, ಕೂಸು ನೋಡಿಕೊಳ್ತಿದ್ದಳು. ನಮ್ಮ ಪುಸ್ತಕದಲ್ಲಿ ಮಾತ್ರ ‘ಕೃಷಿ ಕೆಲಸ’ ಅಂತ ಬರೆದಿದ್ದೆವು. ಅದನ್ನ ಬರೆದದ್ದು ನಾನೇ, ಮನೆಗೆ ಹೋಗದೆ ಬರೆದದ್ದು.

ಇಲ್ಲಿ ಬಿಇಒ ಒಬ್ಬರೇ ಏನೂ ಮಾಡಲಾರರು. ಅಂಗನವಾಡಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕೈಯಲ್ಲಿದೆ. ಈಗ ಎಷ್ಟೋ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಇದೆ, ಅದು ಪಿಡಿಒ ಕೈಯಲ್ಲಿ. ಹೊಲಕ್ಕೆ ಹೋಗೋರು ಬೆಳಿಗ್ಗೆ 8ಕ್ಕೇ ಹೋಗ್ತಾರೆ. ಕೂಸು ಬಿಡೋ ಜಾಗ 10ಕ್ಕೆ ತೆಗೆದ್ರೆ ಏನು ಬಂತು? ಸುಗ್ಗಿ ಶುರುವಾಗೋ ಮೊದಲೇ ಈ ಮೂವರನ್ನ ಒಂದು ಮೇಜಿಗೆ ಕೂರಿಸೋದು ಅಧಿಕಾರಿಯ ಕೆಲಸ. ಆಗಸ್ಟ್‌ನಲ್ಲಿ ಕೂರಿಸಿದ್ರೆ ಉಪಯೋಗ. ಜನವರಿಯಲ್ಲಿ ‘ದಾಖಲಾತಿ ಆಂದೋಲನ’ ಮಾಡಿದ್ರೆ ಫ್ಲೆಕ್ಸ್ ಮಾತ್ರ ಉಳಿಯುತ್ತೆ.

ಗುಳೆ ಹೋಗೋ ಮನೆಯವರಿಗೆ ಒಂದು ಮಾತು. ಟಿಸಿ ತಡವಾಯ್ತು ಅಂತ ಯಾವ ಸರ್ಕಾರಿ ಶಾಲೆಯೂ ಮಗುವನ್ನ ವಾಪಸ್ ಕಳಿಸುವಂತಿಲ್ಲ. ಕಾಯ್ದೆಯ 5ನೇ ಕಲಂ ಅದು. ವಲಸೆ ಬಂದವರ ಮಕ್ಕಳನ್ನ ಸೇರಿಸಿಕೊಳ್ಳೋದು ಹೋದ ಊರಿನ ಸ್ಥಳೀಯ ಆಡಳಿತದ ಹೊಣೆ ಅಂತ 9ನೇ ಕಲಂನಲ್ಲೇ ಇದೆ. ಒಳ್ಳೆ ಬಿಇಒ ಯಾರು ಎಲ್ಲಿಗೆ ಹೋದ್ರು ಅಂತ ಪಟ್ಟಿ ಇಟ್ಟು, ಆ ಊರಿನ ಬಿಇಒಗೆ ಫೋನ್ ಹಚ್ತಾರೆ. ಊರಲ್ಲಿ ಅಜ್ಜಿ ಹತ್ರ ಬಿಟ್ಟು ಹೋದವರಿಗೆ ಋತುಮಾನ ವಸತಿ ನಿಲಯ ಕೇಳ್ತಾರೆ, ದೀಪಾವಳಿ ಆದ ಮೇಲಲ್ಲ, ಮೊದಲು.

ಎಸ್ಸೆಸ್ಸೆಲ್ಸಿ ರಿಸಲ್ಟ್‌ನಲ್ಲಿ ನಮ್ಮ ಜಿಲ್ಲೆ ಕೊನೆಗೆ ಬಂದ್ರೆ ಡಿಡಿಪಿಐ ಕೆಟ್ಟವರು ಅಂತಲಾ?

ಅಷ್ಟು ಸರಳ ಅಲ್ಲ. ಅಂಕಿ ನೋಡಿ. 2023ರಲ್ಲಿ ಯಾದಗಿರಿ 75.49 ಶೇಕಡಾ, ರಾಜ್ಯಕ್ಕೆ ಕೊನೆ. 2024ರಲ್ಲಿ 50.59, ಆಗಲೂ ಕೊನೆ. ಅದೂ ಗ್ರೇಸ್ ಅಂಕವನ್ನ ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ! 2025ರಲ್ಲಿ ಕೊನೆಯ ಜಾಗಕ್ಕೆ ಕಲಬುರಗಿ ಬಂತು, 42.43.

ಒಂದೇ ವರ್ಷದಲ್ಲಿ ಪಾಸಾದವರ ಪ್ರಮಾಣ ನೂರಕ್ಕೆ ಸುಮಾರು 25ರಷ್ಟು ಇಳೀತು. ಶಾಲೆಗಳು ಹೆಚ್ಚು ಕಡಿಮೆ ಅವೇ, ಮಾಸ್ತರರೂ ಅವರೇ. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಮುಂದಿನದನ್ನ ನಾನು ಬಿಡಿಸಿ ಹೇಳಬೇಕಾ? 2023ರ ರಿಸಲ್ಟ್ ನೋಡಿ ಹೂಮಾಲೆ ಹಾಕಿಸಿಕೊಂಡವರೂ, 2024ರದ್ದು ನೋಡಿ ನೋಟಿಸ್ ತಿಂದವರೂ, ಇಬ್ಬರೂ ಅಳತೆಗೋಲು ಸರಿಯಿಲ್ಲದ ಕಡೆ ಸಿಕ್ಕಿಬಿದ್ದವರು.

ಹಿಂದಿನ ಭಾರವೂ ಇದೆ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ 51.83 ಶೇಕಡಾ. ರಾಜ್ಯದ್ದು 75.36. ಹೆಣ್ಣುಮಕ್ಕಳದ್ದು 41.38. ಅಂದ್ರೆ ಆ ವರ್ಷದ ಲೆಕ್ಕಕ್ಕೆ ಹತ್ತು ತಾಯಂದಿರಲ್ಲಿ ಹೆಚ್ಚು ಕಡಿಮೆ ಆರು ಜನಕ್ಕೆ ಮಗುವಿನ ನೋಟ್‌ಬುಕ್ ಓದೋಕೆ ಬರ್ತಿರಲಿಲ್ಲ. ಉಡುಪಿಯ ಮಗುವಿನ ಜೊತೆ ಓಟಕ್ಕೆ ನಿಲ್ಲಿಸಿ ಗೆದ್ದವರು ಯಾರು ಅಂತ ಕೇಳೋದು ಯಾವ ನ್ಯಾಯ?

ಹಾಗಂತ ಅಧಿಕಾರಿಗೆ ಮಾಫಿ ಇಲ್ಲ. ರಿಸಲ್ಟ್ ಬಿದ್ದ ಮೇಲೆ ಅವರು ಏನು ಮಾಡ್ತಾರೆ ನೋಡಿ. ಕೆಲವರು ಹತ್ತನೇ ಕ್ಲಾಸಿನವರನ್ನ ರಾತ್ರಿ 8ರವರೆಗೆ ಕೂರಿಸಿ, ಪಾಸಿಂಗ್ ಪ್ಯಾಕೇಜ್ ಅಂತ 30 ಪ್ರಶ್ನೆ ಬಾಯಿಪಾಠ ಮಾಡಿಸ್ತಾರೆ. ನಾನು ಅದನ್ನ ಮಾಡಿಸಿದ್ದೇನೆ, ಒಂದಿಷ್ಟು ಮಕ್ಕಳು ಪಾಸಾದ್ರು, ಖುಷಿಯೂ ಆಯ್ತು. ಆದ್ರೆ ಆ ಮಕ್ಕಳು ಬಿದ್ದದ್ದು ಹತ್ತರಲ್ಲಿ ಅಲ್ಲ, ಮೂರನೇ ಕ್ಲಾಸಲ್ಲಿ. ಬೆರಳು ಒಂದು ಕಡೆ, ಬಾಯಿ ಒಂದು ಕಡೆ ಇದ್ದ ಆ ಹುಡುಗಿಯ ಹತ್ರ. ‘ನಿಮ್ಮ ತಾಲ್ಲೂಕಲ್ಲಿ ನಾಲ್ಕನೇ ಕ್ಲಾಸಿಗೆ ಬಂದವರಲ್ಲಿ ಎಷ್ಟು ಜನಕ್ಕೆ ಓದೋಕೆ ಬರುತ್ತೆ’ ಅಂತ ಕೇಳಿದಾಗ ಸಂಖ್ಯೆ ಹೇಳಬಲ್ಲ ಬಿಇಒ ಸಿಕ್ರೆ ಅವರನ್ನ ಬಿಡಬೇಡಿ.

ಕಟ್ಟುನಿಟ್ಟಿನ ಅಧಿಕಾರಿ ಬೇಕಾ, ಮೆದು ಸ್ವಭಾವದವರಾ?

ಸ್ವಭಾವದಿಂದ ಏನೂ ಆಗಲ್ಲ. ಬೈದು ಕೆಲಸ ಮಾಡಿಸಿದವರನ್ನೂ ನೋಡಿದ್ದೇನೆ, ನಗ್ತಾ ನಗ್ತಾ ಏನೂ ಮಾಡದವರನ್ನೂ ನೋಡಿದ್ದೇನೆ.

ಉರ್ದು, ತೆಲುಗು, ಮರಾಠಿ, ಲಂಬಾಣಿ ಮಾತಾಡೋ ಮಕ್ಕಳ ವಿಚಾರದಲ್ಲಿ?

ಗುರುಮಠಕಲ್ ಗಡಿಯಲ್ಲಿ ಮನೆಮಾತು ತೆಲುಗು. ತಾಂಡಾಗಳಲ್ಲಿ ಲಂಬಾಣಿ. ಬೀದರಿನ ಔರಾದ್, ಭಾಲ್ಕಿ, ಬಸವಕಲ್ಯಾಣ ಕಡೆ ಮರಾಠಿ. ಯಾದಗಿರಿ, ಕಲಬುರಗಿ, ಬೀದರ್, ಮೂರೂ ಜಿಲ್ಲೆಯಲ್ಲಿ ಉರ್ದು ಶಾಲೆಗಳಿವೆ. ಒಂದನೇ ಕ್ಲಾಸಿಗೆ ಬಂದ ತಾಂಡಾದ ಮಗು ಮೂರು ತಿಂಗಳು ಬಾಯಿ ಬಿಡದಿದ್ರೆ ‘ದಡ್ಡ’ ಅಂತ ಬರೆಯೋ ಶಿಕ್ಷಕರಿದ್ದಾರೆ. ಮಗುವಿಗೆ ಮಾತು ಗೊತ್ತಿಲ್ಲ ಅಂತಲ್ಲ, ನಿಮ್ಮ ಮಾತು ಗೊತ್ತಿಲ್ಲ. ಲಂಬಾಣಿ ಬರುವ ಶಿಕ್ಷಕರನ್ನ ತಾಂಡಾ ಶಾಲೆಯ ಒಂದನೇ ತರಗತಿಗೆ ಹಾಕೋದು ಬಿಇಒ, ಹೆಡ್‌ಮಾಸ್ತರ್ ಮಟ್ಟದಲ್ಲೇ ಆಗುವ ಕೆಲಸ. ಆದೇಶ ಬೇಕಿಲ್ಲ, ಗಮನ ಬೇಕು.

ಶಾಸಕರು, ಮುಖಂಡರ ಒತ್ತಡ ಹೇಗೆ ತಡೀತಾರೆ?

ಜಗಳ ಆಡಿ ತಡೆದವರು ಆರು ತಿಂಗಳಲ್ಲಿ ಬೇರೆ ಜಿಲ್ಲೆಗೆ ಹೋದ್ರು. ಒಬ್ಬರು ಜಾಣರಿದ್ದರು. ತಾಲ್ಲೂಕಿನ ಎಲ್ಲ ಶಾಲೆಗಳ ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆ ದೊಡ್ಡ ಹಾಳೆಯಲ್ಲಿ ಬರೆಸಿ ಕಚೇರಿ ಗೋಡೆಗೆ ಅಂಟಿಸಿದ್ದರು. ಕೊರತೆ ಜಾಸ್ತಿ ಇರೋ ಶಾಲೆ ಮೇಲೆ, ಕಮ್ಮಿ ಇರೋದು ಕೆಳಗೆ. ಶಿಫಾರಸು ಪತ್ರ ಹಿಡಿದು ಬಂದವರನ್ನ ಕೂರಿಸಿ, ನೀರು ಕೊಟ್ಟು, ‘ನೋಡ್ರಿ ಅಣ್ಣಾ, ಇವರನ್ನ ಇಲ್ಲಿಂದ ತಗದ್ರ ಆ ತಾಂಡಾ ಶಾಲಿಗಿ ಬೀಗ. ಅಲ್ಲೂ ನಿಮ್ಮ ಮಂದಿನೇ ಅದಾರ’ ಅಂತಿದ್ದರು. ಎಲ್ಲರೂ ಕೇಳಿದ್ರು ಅಂತಲ್ಲ. ಆದ್ರೆ ಗೋಡೆ ಮುಂದೆ ನಿಂತು ಸುಳ್ಳು ವಾದ ಮಾಡೋದು ಕಷ್ಟ.

ಒಬ್ಬ ಅಧಿಕಾರಿ ಎಷ್ಟು ವರ್ಷ ಇದ್ರೆ ಬದಲಾವಣೆ ಕಾಣುತ್ತೆ?

ಮೊದಲ ವರ್ಷ ಊರು ಗೊತ್ತಾಗೋಕೆ ಬೇಕು. ಒಂದು ಹತ್ತಿ ಸುಗ್ಗಿ, ಒಂದು ಭೀಮಾ ಪ್ರವಾಹ, ಒಂದು ಮೊಹರಂ ನೋಡದೆ ಈ ಜಿಲ್ಲೆಯ ಹಾಜರಿ ಅರ್ಥವಾಗಲ್ಲ. ಮೇಲೆ ಹೇಳಿದ ಅಮೆರಿಕದ ವರದಿಯಲ್ಲೂ ಮುಖ್ಯಸ್ಥರು ಉಳಿದಷ್ಟು ಫಲ ಜಾಸ್ತಿ, ಅದು ಎರಡನೇ ವರ್ಷದಿಂದಲೇ ಕಾಣೋಕೆ ಶುರು ಅಂತ ಇದೆ. ನಮ್ಮಲ್ಲಿ ಎರಡನೇ ವರ್ಷ ನೋಡೋ ಭಾಗ್ಯ ಎಷ್ಟು ಜನಕ್ಕೆ? ‘ಪ್ರಭಾರ’ ಅಂತ ಬಂದವರಿಗೆ ಇನ್ನೂ ಕಷ್ಟ. ನಾಳೆ ಹೋಗ್ತಾರೆ ಅಂತ ಗೊತ್ತಿದ್ದವರ ಮಾತನ್ನ ಯಾರು ಕೇಳ್ತಾರೆ? ಅದಕ್ಕೇ ಜಾಣ ಅಧಿಕಾರಿ ತಾನು ಹೋದ ಮೇಲೂ ನಡೆಯೋ ಕೆಲಸ ಸಿಆರ್‌ಪಿಗಳ ಕೈಗೆ ಕೊಟ್ಟು ಹೋಗ್ತಾರೆ. ಶನಿವಾರದ ಮಾಹಿತಿ ನಿಯಮ ಅದನ್ನ ತಂದ ಬಿಇಒ ವರ್ಗವಾದ ಮೇಲೂ ಒಂದು ವರ್ಷ ನಡೀತು. ಆಮೇಲೆ ಬಿತ್ತು.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡು ಬರುತ್ತಲ್ಲ?

ಬರುತ್ತೆ. ಕೋಣೆ, ಶೌಚಾಲಯ, ಮಂಡಳಿಯ ಶಿಕ್ಷಣ ಯೋಜನೆ ‘ಅಕ್ಷರ ಆವಿಷ್ಕಾರ’ದ ಕೆಲಸಗಳು ಆಗಿವೆ. ಕೋಣೆ ಕಟ್ಟಿದ್ರೆ ಉದ್ಘಾಟನೆಯ ಫೋಟೋ ಬರುತ್ತೆ, ಮಾಸ್ತರ್ ಬಂದ್ರೆ ಫೋಟೋ ಬರಲ್ಲ. ಹಾಗಾಗಿ ಅಧಿಕಾರಿ ಗಟ್ಟಿ ಇಲ್ಲದಿದ್ರೆ ದುಡ್ಡು ಗೋಡೆ ಕಡೆಗೇ ಹರಿಯುತ್ತೆ. ಮಳೆಗೆ ಸೋರೋ ಕೋಣೆಯಲ್ಲಿ ಕಲಿಸಿದವನು ನಾನು, ಗೋಡೆ ಬೇಡ ಅನ್ನಲ್ಲ. ಎರಡೂ ಬೇಕು.

ಎಂಟನೇ ಕ್ಲಾಸ್ ಆದ ಮೇಲೆ ಹೆಣ್ಣುಮಕ್ಕಳು ನಿಲ್ತಾರೆ. ಅಧಿಕಾರಿ ಏನು ಮಾಡಬೇಕು?

ಏಪ್ರಿಲ್‌ನಲ್ಲಿ ಎಂಟು ಮುಗಿಸಿದ ಹುಡುಗಿಯರ ಹೆಸರಿನ ಪಟ್ಟಿ ತೆಗೀಬೇಕು. ಜೂನ್‌ನಲ್ಲಿ ಒಂಬತ್ತಕ್ಕೆ ಸೇರಿದವರ ಪಟ್ಟಿ ಪಕ್ಕಕ್ಕಿಡಬೇಕು. ಇಲ್ಲದ ಹೆಸರಿನ ಮನೆಗೆ ಹೋಗಬೇಕು. ಹೈಸ್ಕೂಲ್ ದೂರ ಇದೆಯಾ, ಬಸ್ಸಿಲ್ವಾ, ಮದುವೆ ಗೊತ್ತಾಗಿದೆಯಾ, ಮನೆಯಲ್ಲಿ ಕೂತು ಕೇಳಿದ್ರೆ ಗೊತ್ತಾಗುತ್ತೆ. ಮದುವೆ ಅಂದ್ರೆ ಅವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್. ದೂರ ಅಂದ್ರೆ ಕಸ್ತೂರಬಾ ಶಾಲೆ, ಹಾಸ್ಟೆಲ್ ಸೀಟು. ಎರಡು ಪಟ್ಟಿ ಪಕ್ಕಪಕ್ಕ ಇಡೋ ಕೆಲಸಕ್ಕೆ ಒಂದು ಮಧ್ಯಾಹ್ನ ಸಾಕು. ಅದನ್ನ ಮಾಡಿದವರನ್ನ ನನ್ನ ಸೇವೆಯಲ್ಲಿ ಇಬ್ಬರನ್ನೇ ನೋಡಿದೆ.

ಎಸ್‌ಡಿಎಂಸಿಯವರು ಬಿಇಒ ಹತ್ರ ಏನು ಕೇಳಬೇಕು?

ಎಸ್‌ಡಿಎಂಸಿ ಹೆಸರಿಗೆ ಇರೋ ಸಮಿತಿ ಅಲ್ಲ. ಕಾಯ್ದೆ ಪ್ರಕಾರ ಮುಕ್ಕಾಲು ಪಾಲು ಪಾಲಕರು, ಸದಸ್ಯರಲ್ಲಿ ಅರ್ಧ ಹೆಣ್ಣುಮಕ್ಕಳು. ಬಿಇಒ ಕಚೇರಿಗೆ ಹೋದಾಗ ಕಾಂಪೌಂಡ್ ಒಂದನ್ನೇ ಕೇಳಿ ಬರಬೇಡಿ. ಹೋದ ತಿಂಗಳು ನಮ್ಮ ಶಾಲೆಯ ಶಿಕ್ಷಕರನ್ನ ಎಷ್ಟು ದಿನ ಹೊರಗೆ ಕರೆದಿದ್ರಿ ಅಂತ ಕೇಳಿ. ಚಲನವಲನ ವಹಿಯ ನಕಲು ಕೈಯಲ್ಲಿರಲಿ, ಅದರಲ್ಲಿ ದಿನಾಂಕ ಇರುತ್ತೆ. ಸಿಟ್ಟು ಬೇಡ, ಸುಮ್ನೆ ಹಾಳೆ ಮುಂದಿಡಿ. ಜೊತೆಗೆ ಇಬ್ಬರು ತಾಯಂದಿರನ್ನ ಕರೆದುಕೊಂಡು ಹೋಗಿ. ಅವರು ಕೇಳಿದ್ರೆ ಅಧಿಕಾರಿಗಳು ಬೇರೆ ತರಹ ಉತ್ತರ ಕೊಡ್ತಾರೆ, ನಾನು ಕಣ್ಣಾರೆ ನೋಡಿದ್ದು.

ಬಿಇಒ ಭೇಟಿಗೆ ಬಂದಾಗ ಊಟ, ಚಹಾ ವ್ಯವಸ್ಥೆ ಶಾಲೆಯೇ ಮಾಡಬೇಕಾ?

ಬೇಡ. ಬಿಸಿಯೂಟ ಇದೆಯಲ್ಲ. ರಾಜ್ಯದಲ್ಲಿ ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾಗಿದ್ದೇ ನಮ್ಮ ಈಶಾನ್ಯ ಜಿಲ್ಲೆಗಳಲ್ಲಿ. ಮಕ್ಕಳ ಜೊತೆ ಸಾಲಲ್ಲಿ ಕೂತು ಉಂಡ್ರೆ ಬೇಳೆ ಎಷ್ಟು ತೆಳ್ಳಗಿದೆ ಅಂತ ಅವರಿಗೂ ಗೊತ್ತಾಗುತ್ತೆ. ಬೈಕ್ ಮೇಲೆ ಬಂದ ಆ ಬಿಇಒ ಹಾಗೇ ಉಂಡರು. ಹೆಡ್‌ಮಾಸ್ತರ್ ಮಾತ್ರ ಗಾಬರಿಯಾಗಿ ಹೋಟೆಲ್‌ನಿಂದ ಮಿರ್ಚಿ ಭಜಿ ತರಿಸೋಕೆ ಒಬ್ಬ ಶಿಕ್ಷಕರನ್ನ ಕಳಿಸಿಬಿಟ್ಟಿದ್ದರು. ‘ಅವ್ರ ಕ್ಲಾಸ್ ಯಾರ್ ತಗೋತಾರ?’ ಅಂತ ಕೇಳಿದ್ರು ಸಾಹೇಬರು. ಯಾರೂ ಮಾತಾಡಲಿಲ್ಲ. ಕೈ ತೊಳೆದುಕೊಂಡು ತಾವೇ ಹೋಗಿ ಗಣಿತ ಹೇಳಿಕೊಟ್ಟರು. ಭಜಿ ಬರೋಷ್ಟೊತ್ತಿಗೆ ಆರಿ ಹೋಗಿತ್ತು.